ಭಾವನ ಹಾಯಿದೋಣಿ

ಹಿಂದೂಪುರದಲ್ಲಿ ಕುಳಿತು ಹಾಯಿದೋಣಿಯ ವಿಚಾರ ಬರೆಯುತ್ತೇನೆಂದರೆ ಗಡಿನಾಡಿನ ಓದುಗರು ನಕ್ಕಾರು. ನಿಮ್ಮ ಕಡೆ ಹೊಳೆಗೊಂದು ಅಳಿವೆ, ಅಳಿವೆಯಾಚೆಗೆ ಕಡಲು. ನಮ್ಮ ಕಡೆ ನದಿಯೆಂದರೆ ಹೆಚ್ಚಿನ ಕಾಲ ಮರಳೇ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆಯಿಂದ ಬಂದು, ನಮ್ಮೂರ ಪಕ್ಕದಲ್ಲಿ ಹಾದು, ಪರಿಗಿಯ ಹತ್ತಿರ ಜಯಮಂಗಲಿಯನ್ನು ಕೂಡಿಕೊಂಡು ಮುಂದೆ ಸಾಗುತ್ತದೆಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದವನು ನಾನು. (ಗಣಿತದ ಮೇಷ್ಟ್ರಾದರೂ ಭೂಗೋಳದ ಪೀರಿಯಡ್ ಆಗಾಗ ನನ್ನ ತಲೆಗೇ ಬೀಳುತ್ತಿತ್ತು.) ಆ ಗೆರೆಯಲ್ಲಿ ನೀರು ಹರಿಯುವುದನ್ನು ಕಣ್ಣಾರೆ ಕಾಣದೆಯೇ ಎಷ್ಟೋ ಹುಡುಗರು ಪರೀಕ್ಷೆ ಪಾಸಾಗಿ ಹೋದರು. ನಾನು ಹುಟ್ಟಿದ ಕಲ್ಯಾಣದುರ್ಗದ ಸೀಮೆಯಂತೂ ಕಡಲೆಕಾಯಿ ಬಿತ್ತಿ ಮುಗಿಲು ನೋಡುವವರ ಸೀಮೆ.

ಆದರೂ ಬರೆಯುವುದಕ್ಕೆ ನನಗೆ ನೆಂಟಸ್ತಿಕೆಯ ಹಕ್ಕೊಂದಿದೆ. ನನ್ನ ಅಕ್ಕನನ್ನು ಕೊಟ್ಟದ್ದು ಕಾಸರಗೋಡಿಗೆ. ಆ ಕಾಲದಲ್ಲಿ ಕಲ್ಯಾಣದುರ್ಗದಲ್ಲಿ ಭಾವನ ಅಣ್ಣನವರದೊಂದು ಉಡುಪಿ ಹೋಟೆಲಿತ್ತು. ಇಡ್ಲಿ ತಿನ್ನಲು ಹೋಗುತ್ತಿದ್ದ ನಮ್ಮ ತಂದೆ ಮಗಳಿಗೆ ಸಂಬಂಧ ಕುದುರಿಸಿಕೊಂಡು ಬಂದರು. ಹುಡುಗ ಹಡಗಿನಲ್ಲಿದ್ದಾನೆಂದು ಕೇಳಿ ಅಮ್ಮ ಎರಡು ದಿನ ಅತ್ತಳು. ಉದುಮ, ಪಾಲಕುನ್ನು, ಬೇಕಲದ ಕಡೆಯಿಂದ ಎಷ್ಟು ಜನ ಹಡಗಿಗೆ ಹೋಗಿ ಸುಖವಾಗಿ ಮರಳಿದ್ದಾರೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಮ್ಮನಿಗೆ ಹೇಳುವವರು ಯಾರೂ ಇರಲಿಲ್ಲ. ಅಕ್ಕ ಹೋದಳು, ಕುಸುಬಲಕ್ಕಿ ಉಣ್ಣಲು ಕಲಿತಳು. ಈಗ ಅವಳ ಬಾಯಲ್ಲಿ "ಉಂಟು", "ಎಂತ" ಎಂಬ ಮಾತುಗಳೇ.

ಭಾವ ಮೂವತ್ತು ವರ್ಷ ಹಡಗಿನಲ್ಲಿ ದುಡಿದರು, ಎಲ್ಲವೂ ಎಂಜಿನ್ ಕೋಣೆಯಲ್ಲಿ. "ಸಮುದ್ರದ ಮೇಲೆ ಇದ್ದದ್ದು ಹೌದು ಮಾರಾಯ, ಸಮುದ್ರ ನೋಡಿದ್ದು ಕಡಿಮೆ. ಎಂಜಿನ್ ಕೋಣೆಗೆ ಕಿಟಕಿ ಉಂಟೋ?" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಹದಿನಾಲ್ಕು ಅಡಿಯ ಒಂದು ಫೈಬರ್ ದೋಣಿ ಕೊಂಡದ್ದು. ಒಂದು ಹಾಯಿಮರ, ಒಂದೇ ಹಾಯಿ, ಒಂದು ಜೊತೆ ಹುಟ್ಟು. ಮೀನು ಹಿಡಿಯಲಿಕ್ಕಲ್ಲ, ಜನ ದಾಟಿಸಲಿಕ್ಕಲ್ಲ, ಬರೇ ತಿರುಗಲಿಕ್ಕೆ. ಲಾಭವಿಲ್ಲದೆ ನೀರಿಗಿಳಿಯುವ ಮನುಷ್ಯನನ್ನು ಚಂದ್ರಗಿರಿ ಹೊಳೆಯ ಬೆಸ್ತರು ಬಹಳ ದಿನ ಅನುಮಾನದಿಂದಲೇ ನೋಡಿದರಂತೆ. ಆಮೇಲೆ ಅಭ್ಯಾಸವಾಯಿತು.

ಇಪ್ಪತ್ತು ವರ್ಷ ಹೀಗೆ ನಡೆಯಿತು. 2022ರ ಮಾರ್ಚಿನಲ್ಲಿ ಒಂದು ದಿನ ಗಾಳಿ ಬಿದ್ದುಹೋಗಿ, ಹೊಳೆ ಇಳಿತಕ್ಕೆ ತಿರುಗಿತು. ಅಳಿವೆಯ ಕಡೆಗೆ ಎಳೆಯುವ ನೀರಿನ ವಿರುದ್ಧ ಎಪ್ಪತ್ತಾರರ ತೋಳಿನಲ್ಲಿ ಹುಟ್ಟು ಹಾಕುವುದು ಬುದ್ಧಿಯಲ್ಲವೆಂದು ಭಾವ ಲಂಗರು ಬಿಟ್ಟು, ಟವೆಲನ್ನು ತಲೆಗೆ ಸುತ್ತಿ, ಉಬ್ಬರ ಬರುವ ತನಕ ಕಾದು ಕುಳಿತರು. ಮಾಡಬೇಕಾದ್ದನ್ನೇ ಮಾಡಿದರು. ಆದರೆ ಮೊಬೈಲಿನ ಬ್ಯಾಟರಿ ಮುಗಿದಿತ್ತು. ದಡದಲ್ಲಿ ಅಕ್ಕ, ಅಕ್ಕನಿಂದ ಬೆಂಗಳೂರಿನ ಮಗಳು, ಮಗಳಿಂದ ದುಬೈಯ ಮಗ, ಹೀಗೆ ನಾಲ್ಕು ಗಂಟೆಗಳಲ್ಲಿ ಸುದ್ದಿ ಅರಬ್ಬಿ ಸಮುದ್ರವನ್ನೇ ದಾಟಿತು. ಸಂಜೆ ಭಾವ ಹಸಿವೆಯೆಂದು ಮನೆಗೆ ಬಂದಾಗ ಅಂಗಳದಲ್ಲಿ ಮೂವತ್ತು ಜನ.

"ಮಾವಾ, ಅಪ್ಪನಿಗೆ ಇದೆಲ್ಲ ಬೇಕಾ? ನೀವೇ ಹೇಳಿ," ಎಂದು ಸೊಸೆ ಫೋನಿನಲ್ಲಿ ಅತ್ತಳು. ನಮ್ಮಲ್ಲಿ ಅಕ್ಕನ ಮಗಳನ್ನು ಸೊಸೆಯೆಂದೇ ಕರೆಯುವುದು. ನಾನು ಏನಾದರೂ ಹೇಳುವ ಮೊದಲೇ ಅವಳೇ ತೀರ್ಮಾನವನ್ನೂ ಮಾಡಿದ್ದಳು. ಹಿಂದೂಪುರ ಬೆಂಗಳೂರಿನಿಂದ ನೂರು ಕಿಲೋಮೀಟರು, ಮಾವ ಇದ್ದಾರೆ, ಎಲ್ಲಕ್ಕಿಂತ ಮುಖ್ಯವಾಗಿ ನೀರಿಲ್ಲ. ಜೂನ್ ತಿಂಗಳಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಭಾವನನ್ನೂ ಅಕ್ಕನನ್ನೂ ತಂದಿಳಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ ಸರಕಾರ ಜಿಲ್ಲೆ ಒಡೆದು ಹಿಂದೂಪುರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿತ್ತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕೂತಲ್ಲೇ ಕೂತಿದ್ದವರನ್ನು ಬೇರೆ ಯಾರೋ ಗೆರೆ ಎಳೆದು ಆಚೆ ಹಾಕುವುದು ನಮಗೆ 1953ರಿಂದ, ನಿಮಗೆ 1956ರಿಂದ ಗೊತ್ತಿರುವ ಸಂಗತಿಯೇ. ಭಾವನಿಗೆ ಅದು ಎರಡನೆಯ ಸಲ.

ಅವರು ಬಂದಿಳಿದ ಅದೇ ವಾರ ಜಪಾನಿನ ಕೆನಿಚಿ ಹೋರಿ ಎಂಬವರ ಸುದ್ದಿ ಬಂತು. 83 ವರ್ಷದ ಮುದುಕ ಮಾರ್ಚ್ 27ರಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಒಬ್ಬರೇ ಸಣ್ಣ ಹಾಯಿದೋಣಿಯಲ್ಲಿ ಹೊರಟು, ಎಲ್ಲಿಯೂ ನಿಲ್ಲದೆ ಪೆಸಿಫಿಕ್ ಸಾಗರ ದಾಟಿ, ಜೂನ್ 4ಕ್ಕೆ ಜಪಾನಿನ ಕರಾವಳಿ ಮುಟ್ಟಿದ್ದರು. 1962ರಲ್ಲಿ ಹುಡುಗನಾಗಿದ್ದಾಗ ಪಾಸ್‌ಪೋರ್ಟ್ ಕೂಡ ಇಲ್ಲದೆ ಅದೇ ಸಾಗರವನ್ನು ಆ ಕಡೆಗೆ ದಾಟಿದ್ದವರು. ಔಷಧಿ ಬೇಕಾದಷ್ಟು ಒಯ್ದಿದ್ದರಂತೆ. ಬಳಸಿದ್ದು ಕಣ್ಣಿಗೆ ಬಿಡುವ ಹನಿ ಮತ್ತು ಗಾಯದ ಪಟ್ಟಿ ಮಾತ್ರ. ಭಾವ ಆ ಸುದ್ದಿಯನ್ನು ಕತ್ತರಿಸಿ, ಏನೂ ಮಾತಾಡದೆ, ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದರು. ಸೊಸೆ ಬಂದಾಗ ಅದನ್ನು ನೋಡಿದಳು. ಅವಳೂ ಮಾತಾಡಲಿಲ್ಲ.

ಸೊಸೆಯ ಹೆದರಿಕೆಯನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ನೀರಿನಿಂದ ಹೆಣ ಎತ್ತಿದ್ದನ್ನು ಕಂಡವನು ನಾನು. ಕಲ್ಯಾಣದುರ್ಗದಲ್ಲಿ ನಮ್ಮದೊಂದು ಕಪಿಲೆ ಬಾವಿ ಇತ್ತು. ಎತ್ತು ಕಟ್ಟಿ ತೊಗಲಿನ ಬಾನೆಯಲ್ಲಿ ನೀರೆತ್ತುವ ಚೌಕದ ದೊಡ್ಡ ಬಾವಿ. ಒಣಗಿದ ಕತ್ತಾಳೆಯ ಬೆಂಡನ್ನು ಬೆನ್ನಿಗೆ ಕಟ್ಟಿಸಿಕೊಂಡು ನಾವೆಲ್ಲ ಈಜು ಕಲಿತದ್ದು ಅಲ್ಲೇ. ಪಕ್ಕದ ಹೊಲದವರ ಮಗ, ಚೆನ್ನಾಗಿ ಈಜು ಬರುತ್ತಿದ್ದವನು, ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬನೇ ಇಳಿದು ಮೇಲೆ ಬರಲಿಲ್ಲ. ನೀರು ಬಹಳ ಕೆಳಗೆ ಹೋಗಿತ್ತು, ಕೊನೆಯ ಮೆಟ್ಟಿಲು ಅವನ ಕೈಗೆ ಸಿಕ್ಕಿರಲಿಲ್ಲ. ಈಜಿ ಈಜಿ ಸೋತಿದ್ದ.

ನಮ್ಮ ತಾತ ಎಪ್ಪತ್ತು ದಾಟಿದ ಮೇಲೂ ಆ ಬಾವಿಯಲ್ಲೇ ಸ್ನಾನ ಮಾಡುತ್ತಿದ್ದ. ಆ ಸಾವಿನ ಮರುದಿನ ಮನೆಯವರೆಲ್ಲ ಬೇಡವೆಂದರು. ತಾತ ವಾದ ಮಾಡಲಿಲ್ಲ. ಹೋಗಿ ರಾಟೆಯ ಕಂಬಕ್ಕೆ ಹಗ್ಗ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ನೀರು ಮುಟ್ಟುವ ತನಕ ಇಳಿಬಿಟ್ಟ. ಆಮೇಲೆ ನನ್ನನ್ನು ದಡದಲ್ಲಿ ಕೂಡಿಸಿದ. "ಇಳಿಯೋಕೆ ಮುಂಚೆ ಹತ್ತೋ ದಾರಿ ನೋಡ್ಕಬೇಕು ಕಣಲೇ," ಎಂದು ಹೇಳಿ ಇಳಿದ. ಹಗ್ಗ ಕಟ್ಟಿದ್ದು ಅವನೇ, ಗಂಟು ಹಾಕಿದ್ದು ಅವನೇ. ಬೇರೆ ಯಾರಾದರೂ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನಿಂದ ಹಿಡಿದುಕೊಂಡಿದ್ದರೆ ತಾತ ಮತ್ತೆಂದೂ ಬಾವಿಗೆ ಹೋಗುತ್ತಿರಲಿಲ್ಲ. ಈಗ ಆ ಬಾವಿಯೇ ಇಲ್ಲ. ಸುತ್ತ ಬೋರ್‌ವೆಲ್ಲು ಬಿದ್ದ ಮೇಲೆ ಬತ್ತಿ, ಮುಚ್ಚಿಹೋಯಿತು.

ಭಾವನನ್ನು ನೀರಿಲ್ಲದ ಊರಿಗೆ ತಂದಿಟ್ಟ ವರ್ಷವೇ ದೇವರಿಗೆ ತಮಾಷೆ ಮಾಡಬೇಕೆನಿಸಿತೋ ಏನೋ! ಆ ಮಳೆಗಾಲದಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ವೇದಾವತಿ ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪ ಅಣೆಕಟ್ಟಿನ ತನಕ ಹರಿದು ಬಂತು. ಅಕ್ಟೋಬರಿನಲ್ಲಿ ಅನಂತಪುರ ಪಟ್ಟಣದ ಮನೆಗಳಿಗೇ ನೀರು ನುಗ್ಗಿತು. ಭಾವ ದಿನವೂ ಬೆಳಿಗ್ಗೆ ಪೇಪರು ಓದಿ, "ಎಂತ ಮಾರಾಯ, ನಿಮ್ಮಲ್ಲಿ ನೀರಿಲ್ಲ ಅಂದದ್ದು ಯಾರು?" ಎಂದು ಕೇಳುವರು.

ನವೆಂಬರಿನಲ್ಲಿ ಒಂದು ದಿನ ಇಬ್ಬರೂ ಬಸ್ಸು ಹತ್ತಿ ಅರ್ಧ ಗಂಟೆ ದೂರದ ಒಂದು ಕೆರೆಗೆ ಹೋದೆವು. ಕೆರೆ ತುಂಬಿ ಏರಿಗೆ ಬಡಿಯುತ್ತಿತ್ತು. ಮೀನಿನ ಬಲೆ ಬಿಡುವ ಒಬ್ಬಾತ ಹರಿಗೋಲಿನಲ್ಲಿ ಬಂದ. ತೆಲುಗಿನವರು ಇದನ್ನು ಪುಟ್ಟಿ ಎನ್ನುತ್ತಾರೆ. ಬಿದಿರಿನ ದೊಡ್ಡ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹೊದಿಸಿ ಟಾರು ಬಳಿಯುತ್ತಾರೆ. ಭಾವ ಹತ್ತಿ ಕುಳಿತರು. ಎರಡು ನಿಮಿಷ ಆಗಿತ್ತೋ ಇಲ್ಲವೋ, ಹಡಗಿನವನ ಗತ್ತಿನಲ್ಲಿ ಎದ್ದು ಸುತ್ತ ನೋಡಲು ಹೋದರು. "ಕುಂತ್ಕ ತಾತಾ, ನಿಂತ್ಕಬ್ಯಾಡ!" ಎಂದು ಆತ ಗದರಿದ. ಭಾವ ತಕ್ಷಣ ಕುಳಿತರು. ಮಗಳು ಹೇಳಿದ್ದರೆ ಅರ್ಧ ದಿನ ವಾದವಾಗುತ್ತಿತ್ತು. ಆತನ ಸೊಂಟಕ್ಕೆ ಖಾಲಿ ಎಣ್ಣೆ ಡಬ್ಬವೊಂದನ್ನು ಕಟ್ಟಿತ್ತು. ನಮ್ಮ ಕತ್ತಾಳೆಯ ಬೆಂಡೇ ಪ್ಲಾಸ್ಟಿಕ್ಕಿನ ಅವತಾರ ಎತ್ತಿ ಬಂದಿದೆಯೆಂದು ನನಗನ್ನಿಸಿತು. ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಒಂದೇ ಹುಟ್ಟಿನಿಂದ ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು, ತಪ್ಪಿದರೆ ಬುಗುರಿ. ಭಾವ ಹುಟ್ಟು ಕೇಳಿ ಪಡೆದು ಒಂದು ಗಂಟೆ ಬುಗುರಿಯಾಡಿದರು. ದಡಕ್ಕೆ ಬರುವಾಗ ಅವರ ಮುಖ ನಾನು ಐದು ತಿಂಗಳಿಂದ ಕಾಣದೆ ಇದ್ದ ಮುಖ.

ಇದಾಗಿ ಮೂರು ವಾರಕ್ಕೆ ಭಾವ ಬಿದ್ದರು. ಕೆರೆಯಲ್ಲಲ್ಲ, ಬಚ್ಚಲಲ್ಲಿ. ಎಣ್ಣೆ ನೀರು ಬಿದ್ದ ಗಾರೆಯ ಮೇಲೆ ಕಾಲು ಜಾರಿ, ಊರಿದ ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಸೊಸೆ ಬೆಂಗಳೂರಿನಿಂದ ಓಡಿಬಂದಳು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹೇಳದಿದ್ದರೂ ಮನೆಯಲ್ಲೆಲ್ಲ ಅದೇ ಮಾತು ತುಂಬಿತ್ತು.

ಆ ಪಟ್ಟಿಯ ದಿನಗಳಲ್ಲಿ ನಾನು ಓದಿ ತಿಳಿದ ಒಬ್ಬಾಕೆಯ ಕಥೆಯನ್ನು ಸೊಸೆಗೆ ಹೇಳಿದೆ. ಇಂಗ್ಲೆಂಡಿನ ಜೀನ್ ಸಾಕ್ರಟೀಸ್, ನನ್ನ ಹಾಗೆಯೇ ಗಣಿತ ಕಲಿಸುತ್ತಿದ್ದವರು, ಹಾಯಿದೋಣಿ ಕಲಿತದ್ದೇ ನಡುವಯಸ್ಸು ಕಳೆಯುತ್ತ ಬಂದಾಗ. 2003ರಲ್ಲಿ ಗಂಡ ತೀರಿಕೊಂಡ ಮೇಲೆ ಒಬ್ಬರೇ ದೋಣಿ ನಡೆಸಿದರು. 2019ರಲ್ಲಿ, 77ನೆಯ ವಯಸ್ಸಿನಲ್ಲಿ, ಎಲ್ಲಿಯೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ, ಭೂಮಿಗೆ ಒಂದು ಸುತ್ತು ಬಂದರು. ಅದಕ್ಕೆ ಎರಡು ವರ್ಷ ಮೊದಲು ಅವರ ಕುತ್ತಿಗೆಯ ಮೂಳೆ, ಪಕ್ಕೆಲುಬುಗಳು ಮುರಿದಿದ್ದವು. ಯಾವ ಮಹಾಸಾಗರದಲ್ಲಿ? ನೆಲದ ಮೇಲೆ! ದಡಕ್ಕೆಳೆದು ನಿಲ್ಲಿಸಿದ ದೋಣಿಯ ಕೆಲಸ ಮಾಡುತ್ತ ಏಣಿಯಿಂದ ಬಿದ್ದಿದ್ದರು. ಸೊಸೆ ಕೇಳಿ, "ಅವರಿಗೆ ಮಕ್ಕಳಿಲ್ಲವಾ ಮಾವಾ?" ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಭಾವ ವಾದಕ್ಕೆ ಇಳಿದದ್ದು ಪಟ್ಟಿ ಬಿಚ್ಚಿದ ದಿನ. ಅವರ ಮಾತು ಎಂಜಿನಿಯರನ ಮಾತು. ಮುದುಕರಿಗೆ ದೋಣಿಯಲ್ಲಿ ಅಪಾಯ ಬಿರುಗಾಳಿಯದಲ್ಲ, ಬಿರುಗಾಳಿಯ ದಿನ ಹೋಗುವವರು ಯಾರು? ಜೂನ್ 9ರಿಂದ ಜುಲೈ 31ರ ತನಕ 52 ದಿನ ಕೇರಳದಲ್ಲಿ ಟ್ರಾಲರ್ ಬೋಟುಗಳೇ ಕಡಲಿಗಿಳಿಯುವುದಿಲ್ಲ. ತಮ್ಮ ದೋಣಿ ಸಪ್ಟೆಂಬರ್ ಕಳೆಯುವ ತನಕ ಮಗುಚಿ ಮಲಗಿರುತ್ತದೆ. ಅಪಾಯ ಇರುವುದು ಹತ್ತುವಾಗ, ಇಳಿಯುವಾಗ, ಕೂತಲ್ಲಿಂದ ಏಳುವಾಗ. ಬಿಪಿ ಮಾತ್ರೆ ನುಂಗುವವನು ಫಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ದೋಣಿಯ ಅಂಚಿನಲ್ಲಿ ನಿಂತು ಮೂತ್ರ ಮಾಡಲು ಹೋಗಿ ನೀರುಪಾಲಾದವರು ಎಲ್ಲ ದೇಶಗಳಲ್ಲೂ ಇದ್ದಾರೆ; ಅದಕ್ಕೇ ಅವರ ದೋಣಿಯಲ್ಲೊಂದು ಡಬ್ಬ. ಗಾಳಿ ಹಿಂದಿನಿಂದ ಬರುವಾಗ ಹಾಯಿಯ ಕೆಳಗಿನ ಅಡ್ಡಗೋಲು ಹೇಳದೆ ಕೇಳದೆ ಈ ಬದಿಯಿಂದ ಆ ಬದಿಗೆ ಬೀಸುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವನ ತಲೆಗೆ ಅದು ತಾಗಿದರೆ ಮುಗಿಯಿತು. ಹೃದಯದ ಡಾಕ್ಟರು ಆ ಮಾತ್ರೆ ಬರೆದುಕೊಟ್ಟ ವಾರವೇ ಭಾವ ಅಡ್ಡಗೋಲನ್ನು ಕಿತ್ತುಹಾಕಿ, ಅದಿಲ್ಲದೆ ನಿಲ್ಲುವ ಹಾಯಿ ಹೊಲಿಸಿದ್ದರಂತೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಿದ್ದರೆ ಏನು ಎಂಬುದು ಉಳಿದ ಪ್ರಶ್ನೆ. ಲೈಫ್ ಜಾಕೆಟ್ ತೇಲಿಸುತ್ತದೆ, ಎತ್ತುವುದಿಲ್ಲ. ನೆನೆದ ಬಟ್ಟೆಯ ಭಾರದಲ್ಲಿ ದೋಣಿಯ ಅಂಚು ಹಿಡಿದು ಮೈಯನ್ನು ಮೇಲೆಳೆದುಕೊಳ್ಳುವುದು ನಲವತ್ತರ ತೋಳಿಗೂ ಕಷ್ಟ, ಎಪ್ಪತ್ತಾರರ ತೋಳಿಗೆ ಸಾಧ್ಯವೇ ಇಲ್ಲ. ಆದುದರಿಂದ ದೋಣಿಯ ಹಿಂಬದಿಗೆ ಹಗ್ಗದ ಎರಡು ಮೆಟ್ಟಿಲು, ನೀರಿನಲ್ಲಿದ್ದುಕೊಂಡೇ ಎಳೆದರೆ ಬಿಚ್ಚಿ ಬೀಳುವಂಥವು. ಹಿಂದೆ ನೀರಿನ ಮೇಲೆ ತೇಲುತ್ತ ಬರುವ, ಗಂಟು ಹಾಕಿದ ಒಂದು ಉದ್ದ ಹಗ್ಗ, ದೋಣಿ ಮುಂದೆ ಹೋಗಿಬಿಟ್ಟರೆ ಹಿಡಿಯಲಿಕ್ಕೆ. ದೊಡ್ಡ ದೋಣಿಗಳವರು ತಮ್ಮನ್ನೇ ದೋಣಿಗೆ ಕಟ್ಟಿಕೊಳ್ಳುತ್ತಾರೆ. ಸಣ್ಣ ದೋಣಿ ಮಗುಚಿದರೆ ಕಟ್ಟಿಕೊಂಡವನು ಅಡಿಯಲ್ಲಿ ಸಿಕ್ಕಿಬೀಳಬಹುದಾದ್ದರಿಂದ ಭಾವ ಕಟ್ಟಿಕೊಳ್ಳುವುದಿಲ್ಲ. ಗಂಟು ಹಾಕಿದ ಹಗ್ಗ ಎಂದಾಗ ನನಗೆ ತಾತ ಕಣ್ಣೆದುರು ಬಂದ.

"ಪ್ರತಿ ಅಕ್ಟೋಬರಿನಲ್ಲಿ ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಇಳಿದು ಹತ್ತಿ ನೋಡುತ್ತೇನೆ. ಬೆಸ್ತರ ಹುಡುಗರು ಇಬ್ಬರು ಹತ್ತಿರ ನಿಂತಿರುತ್ತಾರೆ. ಹತ್ತಲಿಕ್ಕೆ ಆಗದ ವರ್ಷ ದೋಣಿ ಮಾರುತ್ತೇನೆ," ಎಂದರು ಭಾವ. "ಅದು ನಾನು ಹೇಳುವ ಮಾತು. ನೀನು ಹೇಳುವುದಲ್ಲ ಮಗಾ."

ಸೊಸೆ ಸುಮ್ಮನಿದ್ದಳು. ಆಮೇಲೆ, "ಆದರೆ ಆ ದಿನ ನೀವೆಲ್ಲಿದ್ದೀರಿ ಅಂತ ನಮಗೆ ಗೊತ್ತಿರಲಿಲ್ಲ ಅಪ್ಪಾ," ಎಂದಳು. ಅದು ನ್ಯಾಯವಾದ ಮಾತು. ಭಾವನಿಗೂ ಹಾಗೆಯೇ ಕಂಡಿರಬೇಕು. ಅವರು ಅಭಿಲಾಷ್ ಟೋಮಿಯ ಮಾತೆತ್ತಿದರು. ಮಲಯಾಳಂ ಓದುಗರಿಗೆ ನೌಕಾಪಡೆಯ ಈ ನಿವೃತ್ತ ಅಧಿಕಾರಿಯ ಪರಿಚಯ ಬೇಡ. 2018ರ ಗೋಲ್ಡನ್ ಗ್ಲೋಬ್ ಓಟದಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ದೋಣಿ ಉರುಳಿ, ಹಾಯಿಮರ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ ಏಳಲಾಗದೆ ಮೂರು ದಿನ ಮಲಗಿದ್ದವರನ್ನು ಸಪ್ಟೆಂಬರ್ 24ರಂದು ಫ್ರೆಂಚರ ಒಂದು ಹಡಗು ಎತ್ತಿಕೊಂಡಿತು. ಆ ಓಟದ ನಿಯಮ ವಿಚಿತ್ರ. 1968ರಲ್ಲಿ ಇದ್ದ ಉಪಕರಣಗಳಿಂದಲೇ ದಾರಿ ಹುಡುಕಬೇಕು. ಆದರೆ ದೋಣಿ ಎಲ್ಲಿದೆಯೆಂದು ದಡದವರಿಗೆ ತಿಳಿಸುತ್ತಲೇ ಇರುವ ಯಂತ್ರವಿರುತ್ತದೆ, ಮತ್ತು ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಒಂದು ಜಿಪಿಎಸ್. ಪ್ರಾಣಕ್ಕೆ ಬಂದಾಗ ಮಾತ್ರ ಒಡೆಯತಕ್ಕದ್ದು. ಆ ವರ್ಷದ ಓಟ ಗೆದ್ದವರು ಫ್ರಾನ್ಸಿನ ಜ್ಯಾಂ-ಲ್ಯುಕ್ ವಾನ್ ಡೆನ್ ಹೀಡ್, ವಯಸ್ಸು 73. ದೋಣಿ ಉರುಳಿ ಹಾಯಿಮರ ಸಡಿಲವಾದಾಗ ಅಪಾಯಕ್ಕೆಂದು ಕೊಟ್ಟ ಫೋನಿನಲ್ಲಿ ಹೆಂಡತಿಗೆ ಕರೆ ಮಾಡಿದರೆಂದು ಅವರಿಗೆ 18 ಗಂಟೆ ದಂಡ ಹಾಕಿದ್ದರು.

ಅಷ್ಟು ಹೊತ್ತು ಒಳಗೆ ಹಪ್ಪಳ ಸುಡುತ್ತಿದ್ದ ಅಕ್ಕ ಹೊರಗೆ ಬಂದಳು. "ದಂಡ ಹಾಕಿದವರಿಗೆ ಹೆಂಡತಿ ಇರಲಿಲ್ಲವೋ?" ಎಂದಳು. ನಾವು ನಕ್ಕೆವು, ಅವಳು ನಗಲಿಲ್ಲ. "ನನ್ನನ್ನು ಯಾರೂ ಕೇಳಲಿಲ್ಲ. ಇವರು ಮನೆಯಲ್ಲಿ ಕೂತರೆ ನಾನು ಕಾವಲುಗಾರ್ತಿ. ಬಚ್ಚಲಿಗೆ ಹೋದರೂ ಹಿಂದೆ ಹೋಗಬೇಕು. ದೋಣಿಗೆ ಹೋದರೆ ಎರಡು ಗಂಟೆ ನಾನು ನನ್ನಷ್ಟಕ್ಕೆ ಇರುತ್ತೇನೆ. ಆದರೆ ಎರಡು ಗಂಟೆ ಅಂದರೆ ಎರಡೇ ಗಂಟೆ."

ಒಪ್ಪಂದ ಆದದ್ದು ಅಕ್ಕನ ಲೆಕ್ಕದಲ್ಲಿ. 2023ರ ಫೆಬ್ರುವರಿಯಲ್ಲಿ ಇಬ್ಬರೂ ಕಾಸರಗೋಡಿಗೆ ಮರಳಿದರು. ಏಪ್ರಿಲ್ 29ರಂದು ಟೋಮಿ ಅದೇ ಓಟವನ್ನು ಎರಡನೆಯವರಾಗಿ ಮುಗಿಸಿದಾಗ ಭಾವ ನನಗೆ ಫೋನ್ ಮಾಡಿ, ಬೆನ್ನಿನೊಳಗೆ ಲೋಹದ ಸಲಾಕೆ ಇಟ್ಟುಕೊಂಡು 236 ದಿನ ಎಂದು ಎರಡೆರಡು ಸಲ ಹೇಳಿದರು. ಅವರ ಅಡಿಗೆ ಮನೆಯ ಗೋಡೆಯಲ್ಲಿ ಈಗ ಒಂದು ಕಾಗದ ಅಂಟಿಸಿದೆ. ಹೊರಟ ಗಂಟೆ, ಬರುವ ಗಂಟೆ, ತೆಂಗಿನ ತೋಪಿನ ಕೊನೆಯಿಂದಾಚೆ ಅಳಿವೆಯ ಬಾಯಿಗೆ ಹೋಗತಕ್ಕದ್ದಲ್ಲ, ಅರ್ಧ ಗಂಟೆ ತಡವಾದರೆ ಮೊದಲು ನೆರೆಮನೆಯ ಬೆಸ್ತರಿಗೆ ಹೇಳುವುದು, ಅವರಿಂದಾಗದಿದ್ದರೆ ಕೋಸ್ಟ್ ಗಾರ್ಡಿನ 1554. ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದೆ, ಅಕ್ಕ ಓದುವುದು ಒಂದನ್ನು, ನೆರೆಮನೆಯವರು ಇನ್ನೊಂದನ್ನು. ಭಾವನ ಕುತ್ತಿಗೆಯಲ್ಲಿ ಸೀಟಿ, ನೀರು ಹೋಗದ ಚೀಲದಲ್ಲಿ ಮೊಬೈಲು. ದೋಣಿ ಎಲ್ಲಿದೆಯೆಂದು ಸೊಸೆಗೆ ಬೆಂಗಳೂರಿನಲ್ಲೇ ಕಾಣುತ್ತದೆ. ಆದರೆ ಆ ಅರ್ಧ ಗಂಟೆ ಕಳೆಯುವ ತನಕ ಅವಳು ಫೋನ್ ಮಾಡುವ ಹಾಗಿಲ್ಲ. ಅದೇ ಅವಳ ಮೊಹರಿನ ಪೆಟ್ಟಿಗೆ. ಬಚ್ಚಲಿನಲ್ಲಿ ಎರಡು ಹಿಡಿಕೆಗಳನ್ನೂ ಹಾಕಿಸಿದರು. ಆ ಅಕ್ಟೋಬರಿನ ಪರೀಕ್ಷೆಗೆ ಅವಳೂ ಹೋಗಿ ದಡದಲ್ಲಿ ನಿಂತಿದ್ದಳು. ಭಾವ ಎರಡನೆಯ ಪ್ರಯತ್ನಕ್ಕೆ ಹತ್ತಿದರಂತೆ.

ಮುಂದಿನ ವರ್ಷವೂ ಹತ್ತಿದರು, ಮೂರನೆಯ ಪ್ರಯತ್ನಕ್ಕೆ. ಹಗ್ಗದ ಮೆಟ್ಟಿಲು ಎರಡಿದ್ದದ್ದು ಮೂರಾಯಿತು. ಈ ವರ್ಷ ಯಾರೂ ಹೇಳದೆಯೇ ದರ್ಜಿಯನ್ನು ಕರೆಸಿ ಹಾಯಿಯನ್ನು ಎರಡು ಮೊಳ ಕತ್ತರಿಸಿದ್ದಾರೆ. ಗಾಳಿ ಕಡಿಮೆ ಹಿಡಿದರೆ ತೋಳಿಗೆ ಕೆಲಸ ಕಡಿಮೆಯಂತೆ. ಉಳಿದ ಬಟ್ಟೆಯಲ್ಲಿ ಅಕ್ಕ ಒಂದು ಚೀಲ ಹೊಲಿದು, ಹಲಸಿನ ಹಪ್ಪಳ ತುಂಬಿ ನಮಗೆ ಕಳಿಸಿದ್ದಾಳೆ. ಗಟ್ಟಿ ಬಟ್ಟೆ, ಹತ್ತು ಕಿಲೋ ಕಡಲೆಕಾಯಿ ಹಾಕಿದರೂ ಜಗ್ಗುವುದಿಲ್ಲ.